ಫಿಡಲ್ ಮತ್ತು ಕಂಟ್ರಿ ಡ್ಯಾನ್ಸ್ ಕಲಿಯುವವರಿಗೆ ಇರುವ ಜಾಲತಾಣಗಳು: ಒಂಬತ್ತು ವರ್ಷ ಬಳಸಿದವಳ ಅಭಿಪ್ರಾಯ

ಎಡಿನ್‌ಬರೋಗೆ ಬಂದ ಮೊದಲ ಚಳಿಗಾಲದಲ್ಲಿ, ಮನೆಯ ಹತ್ತಿರದ ಚರ್ಚಿನ ಸಭಾಂಗಣದಲ್ಲಿ ಮಂಗಳವಾರ ಸಂಜೆ ನಡೆಯುತ್ತಿದ್ದ ಸ್ಕಾಟಿಷ್ ಕಂಟ್ರಿ ಡ್ಯಾನ್ಸ್ ತರಗತಿಗೆ ಸೇರಿಕೊಂಡೆ. ಮೈಸೂರಿನಲ್ಲಿ ಹದಿನಾಲ್ಕು ವರ್ಷ ಪಿಟೀಲು ಕಲಿತವಳಾದ್ದರಿಂದ ಕಾಲು ಹೆಜ್ಜೆ ಹಾಕುತ್ತಿದ್ದರೂ ಕಿವಿ ಮಾತ್ರ ಮೂಲೆಯಲ್ಲಿ ಕುಳಿತ ಫಿಡಲ್ ವಾದಕರ ಕಡೆಗೇ ಇರುತ್ತಿತ್ತು. ವಾದ್ಯ ಒಂದೇ, ತಂತಿ ನಾಲ್ಕೇ. ಆದರೆ ನಾವು ಸ-ಪ-ಸ-ಪ ಎಂದು ಶ್ರುತಿ ಮಾಡಿಕೊಂಡು ನೆಲದ ಮೇಲೆ ಕುಳಿತು ನುಡಿಸುವ ಪಿಟೀಲನ್ನು ಅವರು ಜಿ-ಡಿ-ಎ-ಇ ಎಂದು ಶ್ರುತಿ ಮಾಡಿ, ನಮ್ಮಲ್ಲಿ ಸ್ವರವನ್ನು ತೂಗುವ ಎಡಗೈ ಬೆರಳಿನ ಕೆಲಸವನ್ನೆಲ್ಲ ಬಲಗೈಯ ಬಿಲ್ಲಿಗೆ ಒಪ್ಪಿಸಿಬಿಟ್ಟಿರುತ್ತಾರೆ. ಆ ಸಂಗೀತವನ್ನು ಕಲಿಯಬೇಕೆಂದು ಹೊರಟ ನಾನು ಅಂದಿನಿಂದ ಇಂದಿನವರೆಗೆ ನಿತ್ಯ ಬಳಸಿದ ಅಂತರ್ಜಾಲದ ನೆರವುಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಕರ್ನಾಟಕ ಸಂಗೀತದ ಹಿನ್ನೆಲೆಯಿಂದ ಈ ಕಡೆ ಬರುವವರಿಗೆ ಇದರಿಂದ ಹೆಚ್ಚು ಪ್ರಯೋಜನವಾದೀತು.

ಎಲ್ಲಕ್ಕಿಂತ ಹೆಚ್ಚು ಬಳಸಿದ್ದು ‘ದಿ ಸೆಷನ್’ ಎಂಬ ತಾಣವನ್ನು. ಐರಿಷ್ ಸಾಂಪ್ರದಾಯಿಕ ಧಾಟಿಗಳ ಈ ಭಂಡಾರವನ್ನು ಕಟ್ಟಿ ನಡೆಸುತ್ತಿರುವವರು ಜೆರೆಮಿ ಕೀತ್ ಎಂಬ ವೆಬ್ ತಂತ್ರಜ್ಞರು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಅದು ಶುಲ್ಕವಿಲ್ಲದೆ ನಡೆದುಕೊಂಡು ಬಂದಿದೆ. ರೀಲ್, ಜಿಗ್, ಹಾರ್ನ್‌ಪೈಪ್, ಪೋಲ್ಕಾ, ಸ್ಟ್ರಾತ್‌ಸ್ಪೇ ಎಂದು ಧಾಟಿಗಳನ್ನು ಜಾತಿವಾರು ವಿಂಗಡಿಸಿದ್ದಾರೆ. ಒಂದೊಂದು ಧಾಟಿಯ ಪುಟದಲ್ಲೂ ಅದರ ಬೇರೆ ಬೇರೆ ಹೆಸರುಗಳು, ಬಳಕೆದಾರರು ಬರೆದುಕೊಟ್ಟ ಪಾಠಾಂತರಗಳು, ಅದನ್ನು ಯಾವ ಯಾವ ಧ್ವನಿಮುದ್ರಿಕೆಗಳಲ್ಲಿ ನುಡಿಸಿದ್ದಾರೆ ಎಂಬ ಪಟ್ಟಿ, ಎಷ್ಟು ಜನ ಅದನ್ನು ತಮ್ಮ ಧಾಟಿಪುಸ್ತಕಕ್ಕೆ ಸೇರಿಸಿಕೊಂಡಿದ್ದಾರೆ ಎಂಬ ಲೆಕ್ಕ ಎಲ್ಲವೂ ಸಿಗುತ್ತವೆ. ಹೊಸಬರಿಗೆ ಈ ಕೊನೆಯ ಲೆಕ್ಕ ಬಹಳ ಮುಖ್ಯ. ಸಾವಿರಾರು ಧಾಟಿಗಳ ನಡುವೆ, ಜನ ಕೂಡಿ ನುಡಿಸುವಾಗ ನಿಜವಾಗಿ ಕೇಳಿಬರುವ ಧಾಟಿಗಳು ಯಾವುವು ಎಂಬುದು ಅದರಿಂದ ತಕ್ಕಮಟ್ಟಿಗೆ ತಿಳಿಯುತ್ತದೆ.

ಧಾಟಿಗಳನ್ನು ಅಲ್ಲಿ ಎಬಿಸಿ ಎಂಬ ಲಿಪಿಯಲ್ಲಿ ದಾಖಲಿಸುತ್ತಾರೆ. ಕ್ರಿಸ್ ವಾಲ್‌ಶಾ ಎಂಬವರು ರೂಪಿಸಿದ ಈ ಲಿಪಿಗೆ ಐದು ಗೆರೆಗಳ ಪಾಶ್ಚಾತ್ಯ ಸ್ವರಪಟ್ಟಿ ಬೇಕಿಲ್ಲ, ಕೀಲಿಮಣೆಯ ಅಕ್ಷರಗಳಷ್ಟೇ ಸಾಕು. ಐದು ಗೆರೆಗಳನ್ನು ಎಂದೂ ಓದದಿದ್ದ ನನಗೆ ಇದು ದೊಡ್ಡ ಉಪಕಾರವಾಯಿತು, ಏಕೆಂದರೆ ನಮ್ಮ ಸ್ವರಲಿಪಿಗೂ ಇದಕ್ಕೂ ಹೋಲಿಕೆ ಬಹಳ. ನಾವು ಸ್ಥಾಯಿಯನ್ನು ಅಕ್ಷರದ ಮೇಲೆ ಕೆಳಗೆ ಚುಕ್ಕಿಯಿಟ್ಟು ತೋರಿಸಿದರೆ, ಅವರು ಇಂಗ್ಲಿಷಿನ ದೊಡ್ಡಕ್ಷರವನ್ನು ಕೆಳಸ್ಥಾಯಿಗೂ ಸಣ್ಣಕ್ಷರವನ್ನು ಮೇಲುಸ್ಥಾಯಿಗೂ ಬಳಸುತ್ತಾರೆ. ನಾವು ‘ಸ’ವನ್ನು ‘ಸಾ’ ಎಂದು ಎಳೆಯುವ ಕಡೆ ಅವರು ಅಕ್ಷರದ ಮುಂದೆ 2 ಎಂದು ಬರೆಯುತ್ತಾರೆ. ಒಂದೇ ವ್ಯತ್ಯಾಸವನ್ನು ನೆನಪಿಡಬೇಕು: ನಮ್ಮ ಷಡ್ಜ ಹಾಡುವವರ ಶ್ರುತಿಗೆ ತಕ್ಕಂತೆ ಎಲ್ಲಿ ಬೇಕಾದರೂ ನಿಲ್ಲಬಹುದು, ಅವರ ಅಕ್ಷರಕ್ಕೆ ಒಂದೇ ನಿಶ್ಚಿತ ಶ್ರುತಿ. ನಾನು ವಾರದೊಳಗೆ ಸರಾಗವಾಗಿ ಓದುವಂತಾದೆ.

ಈ ತಾಣದಲ್ಲಿ ಹೆಸರು ಗೊತ್ತಿಲ್ಲದ ಧಾಟಿಯನ್ನು ಅದರ ಮೊದಲ ಸ್ವರಗಳನ್ನು ಟೈಪ್ ಮಾಡಿ ಹುಡುಕಬಹುದು. ಬಾಲ್ಯದಲ್ಲಿ ಕಲಿತ ‘ವಂದೇ ಮೀನಾಕ್ಷಿ’ ಎಂಬ ನೊಟ್ಟುಸ್ವರ ಒಂದು ಸಂಜೆ ನೆನಪಿಗೆ ಬಂತು. ಮುತ್ತುಸ್ವಾಮಿ ದೀಕ್ಷಿತರು ಈ ರಚನೆಗಳಲ್ಲಿ, ಆಗ ಬ್ಯಾಂಡುಗಳು ನುಡಿಸುತ್ತಿದ್ದ ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತದ ಸಾಹಿತ್ಯ ಕೂಡಿಸಿದ್ದಾರೆ. ಬ್ರಿಟಿಷ್ ರಾಷ್ಟ್ರಗೀತೆಯ ಧಾಟಿಯಲ್ಲಿರುವ ‘ಸಂತತಂ ಪಾಹಿಮಾಂ’ ಅನೇಕರಿಗೆ ಗೊತ್ತಿರುತ್ತದೆ. ‘ವಂದೇ ಮೀನಾಕ್ಷಿ’ ಷಡ್ಜದಿಂದ ಗಾಂಧಾರಕ್ಕೆ ಜಿಗಿದು ಮತ್ತೆ ಷಡ್ಜಕ್ಕೆ ಬಂದು, ಅದೇ ಜಿಗಿತವನ್ನು ಇನ್ನೊಮ್ಮೆ ಮಾಡುತ್ತದೆ. ಜಿ ಸ್ವರವನ್ನು ಷಡ್ಜವೆಂದು ಹಿಡಿದು ‘ಜಿ ಬಿ ಜಿ ಬಿ’ ಎಂದು ಆರಂಭಿಸಿ ಮುಂದಿನ ಸ್ವರಗಳನ್ನೂ ಸೇರಿಸಿ ಹುಡುಕಿದೆ. ಪರದೆಯ ಮೇಲೆ ‘ರೇಕ್ಸ್ ಆಫ್ ಮ್ಯಾಲೋ’ ಎಂಬ ಹೆಸರು ಬಂತು. ಮ್ಯಾಲೋ ಎಂಬುದು ಐರ್ಲೆಂಡಿನ ಕಾರ್ಕ್ ಜಿಲ್ಲೆಯ ಊರು, ಹದಿನೆಂಟನೆಯ ಶತಮಾನದಲ್ಲಿ ಬುಗ್ಗೆನೀರಿನ ಸ್ನಾನಕ್ಕೆ ಹೆಸರಾಗಿದ್ದ ಸ್ಥಳ. ಅಲ್ಲಿ ಮೋಜು ಮಾಡುತ್ತ ತಿರುಗುತ್ತಿದ್ದ ಪಡ್ಡೆ ಹುಡುಗರ ಹೆಸರಿನ ಕುಣಿತದ ಧಾಟಿಯೊಂದು ಮಧುರೆಯ ಮೀನಾಕ್ಷಿಯ ಸ್ತುತಿಯಾಗಿ, ಮೈಸೂರಿನ ನಮ್ಮ ಗುರುಗಳ ಪಡಸಾಲೆಯವರೆಗೆ ಬಂದಿತ್ತು. ಅಂದು ಎರಡನ್ನೂ ಒಂದರ ಹಿಂದೊಂದು ನುಡಿಸಿ ಅಮ್ಮನಿಗೆ ಫೋನಿನಲ್ಲಿ ಕೇಳಿಸಿದೆ. ಅಮ್ಮ ಮೊದಲನೆಯದಕ್ಕೆ ಸಾಹಿತ್ಯ ಹಾಡಿದರು, ಎರಡನೆಯದಕ್ಕೂ ಅದೇ ಸಾಹಿತ್ಯ ಹಾಡಿದರು.

ಇಷ್ಟೆಲ್ಲ ಮೆಚ್ಚಿಕೊಂಡ ಮೇಲೂ ಒಂದು ಮಾತು ಹೇಳಲೇಬೇಕು. ಅಲ್ಲಿ ಸಿಗುವುದು ಧಾಟಿಯ ಎಲುಬುಗೂಡು. ಪುಟದಲ್ಲಿ ಮೊದಲು ಕಾಣುವ ಪಾಠವನ್ನೇ ಪ್ರಮಾಣವೆಂದು ತಿಳಿಯಬಾರದು. ಅದು ಯಾರೋ ಒಬ್ಬರು ಮೊದಲು ಸೇರಿಸಿದ ಪಾಠ, ಅಷ್ಟೇ. ನಾಲ್ಕಾರು ಪಾಠಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಯಾವ ಸ್ವರಗಳು ಎಲ್ಲದರಲ್ಲೂ ಉಳಿದಿವೆ, ಎಲ್ಲಿ ವಾದಕರು ತಮ್ಮ ಇಷ್ಟದಂತೆ ಹೋಗುತ್ತಾರೆ ಎಂಬುದು ಗೋಚರಿಸುತ್ತದೆ. ಗಣಕಯಂತ್ರ ನುಡಿಸಿ ಕೇಳಿಸುವ ಧ್ವನಿಯೂ ಅಲ್ಲಿದೆ, ಸ್ವರ ಸರಿಯಿದೆಯೇ ಎಂದು ನೋಡುವುದಕ್ಕೆ ಅದು ಸಾಕು. ಅದನ್ನು ಕೇಳಿ ಕಲಿತರೆ ಕುಣಿಯುವವರ ಕಾಲು ಏಳುವುದಿಲ್ಲ. ಬಿಲ್ಲನ್ನು ಎಲ್ಲಿ ಮೇಲೆ ತಳ್ಳಬೇಕು, ಎಲ್ಲಿ ಕೆಳಗೆಳೆಯಬೇಕು ಎಂದು ಗುರುತಿಸುವ ಚಿಹ್ನೆಗಳು ಎಬಿಸಿ ಲಿಪಿಯಲ್ಲಿದ್ದರೂ ಹೆಚ್ಚಿನವರು ಅವನ್ನು ಬರೆಯುವುದಿಲ್ಲ. ಫಿಡಲ್ ಕಲಿಯುವವರಿಗೆ ಇದು ದೊಡ್ಡ ಕೊರತೆ.

ಆ ಕೊರತೆಯನ್ನು ನಾನು ತುಂಬಿಕೊಂಡದ್ದು ‘ಟೋಬರ್ ಆನ್ ಡುಆಲ್ಕಾಯಿಸ್’ ಎಂಬ ಧ್ವನಿ ಭಂಡಾರದಿಂದ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ 1951ರಲ್ಲಿ ಆರಂಭವಾದ ಸ್ಕೂಲ್ ಆಫ್ ಸ್ಕಾಟಿಷ್ ಸ್ಟಡೀಸ್‌ನವರು ಹಳ್ಳಿ ಹಳ್ಳಿ, ದ್ವೀಪ ದ್ವೀಪ ಸುತ್ತಿ ಮುದ್ರಿಸಿಕೊಂಡ ಹಾಡು, ಕಥೆ, ವಾದನಗಳು, ಬಿಬಿಸಿಯ ಮತ್ತು ಕ್ಯಾನಾ ದ್ವೀಪದ ಸಂಗ್ರಹದ ಮುದ್ರಣಗಳು ಅಲ್ಲಿ ಯಾರು ಬೇಕಾದರೂ ಕೇಳುವಂತೆ ಇವೆ. ವಾದಕರ ಹೆಸರು, ಊರು, ವರ್ಷ, ಧಾಟಿಯ ಹೆಸರು, ಯಾವುದರಿಂದಲಾದರೂ ಹುಡುಕಬಹುದು. ಮುದ್ರಣದ ಗುಣಮಟ್ಟ ಒಂದೇ ಸಮನಾಗಿಲ್ಲ. ಕೆಲವುಗಳಲ್ಲಿ ಕುರ್ಚಿ ಸರಿಯುವ ಸದ್ದು, ನುಡಿಸುವವರು ಪಾದದಿಂದ ತಾಳ ಹಾಕುವ ಸದ್ದು ಕೂಡ ಕೇಳುತ್ತದೆ. ನನಗೆ ಪಾಠ ಹೇಳಿದ್ದು ಆ ಪಾದದ ಸದ್ದೇ. ಸ್ಟ್ರಾತ್‌ಸ್ಪೇ ಎಂಬ ನಿಧಾನಗತಿಯ ಕುಣಿತದಲ್ಲಿ ‘ಸ್ಕಾಟ್ಸ್ ಸ್ನ್ಯಾಪ್’ ಎಂಬ ಲಯದ ತುಣುಕು ಮತ್ತೆ ಮತ್ತೆ ಬರುತ್ತದೆ: ಪೆಟ್ಟಿನ ಮೇಲೆ ಚಿಕ್ಕ ಸ್ವರ, ಅದಕ್ಕೆ ಅಂಟಿಕೊಂಡೇ ಉದ್ದದ ಸ್ವರ. ನಮ್ಮ ಛಂದಸ್ಸಿನ ಭಾಷೆಯಲ್ಲಿ ಹೇಳುವುದಾದರೆ ಲಘುವಿನ ಬೆನ್ನಿಗೆ ಗುರು, ಆದರೆ ಲಘುವಿನ ಮೇಲೆ ಒತ್ತು. ಎಬಿಸಿಯಲ್ಲಿ ಅದನ್ನು ಎರಡು ಅಕ್ಷರಗಳ ನಡುವೆ ಒಂದು ಕೊಕ್ಕೆಯಿಟ್ಟು ತೋರಿಸುತ್ತಾರೆ. ಆ ಕೊಕ್ಕೆಯನ್ನು ನಾನು ಒಂದು ವರ್ಷ ನೋಡುತ್ತಿದ್ದೆ, ನುಡಿಸುತ್ತಲೂ ಇದ್ದೆ, ಆದರೆ ಅದು ಬಿಲ್ಲಿನ ಒಂದು ಚಿಮ್ಮು ಎಂದು ತಿಳಿದದ್ದು ಈ ಹಳೆಯ ಮುದ್ರಣಗಳನ್ನು ಕಣ್ಣು ಮುಚ್ಚಿ ಕೇಳಿದಾಗ.

ಕುಣಿತದ ಕಡೆಗೆ ಬಂದರೆ, ‘ಸ್ಟ್ರಾತ್‌ಸ್ಪೇ’ ಎಂಬ ಹೆಸರಿನಲ್ಲೇ ಇರುವ ತಾಣದ ಸ್ಕಾಟಿಷ್ ಕಂಟ್ರಿ ಡ್ಯಾನ್ಸ್ ದತ್ತಸಂಚಯಕ್ಕೆ ಸಾಟಿಯಾದುದನ್ನು ನಾನು ಕಂಡಿಲ್ಲ. ಕುಣಿತದ ಹೆಸರು ಕೊಟ್ಟರೆ ಅದನ್ನು ರಚಿಸಿದವರು, ಅಚ್ಚಾದ ಪುಸ್ತಕ, ಜೊತೆಗೆ ನುಡಿಸಬೇಕಾದ ಧಾಟಿ, ಸಿಗುವ ಧ್ವನಿಮುದ್ರಿಕೆಗಳು ಎಲ್ಲವನ್ನೂ ಒಂದೇ ಕಡೆ ತೋರಿಸುತ್ತದೆ. ಮೊದಲ ಸಲ ತರಗತಿಗೆ ನುಡಿಸುವ ಅವಕಾಶ ಸಿಕ್ಕಾಗ ‘ರೀಲ್ ಆಫ್ ದಿ 51ಸ್ಟ್ ಡಿವಿಷನ್’ ನುಡಿಸಬೇಕಿತ್ತು. 1940ರ ಜೂನ್‌ನಲ್ಲಿ ಫ್ರಾನ್ಸಿನಲ್ಲಿ ಸೆರೆಸಿಕ್ಕ ಸ್ಕಾಟಿಷ್ ಸೇನಾಧಿಕಾರಿಗಳು ಜರ್ಮನಿಯ ಲಾಫೆನ್ ಶಿಬಿರದಲ್ಲಿ ಬಂದಿಗಳಾಗಿದ್ದಾಗ ರಚಿಸಿದ ಕುಣಿತ ಇದು. ಕುಣಿಯುವವರು ಓರೆಯಾಗಿ ಕೈ ಹಿಡಿದು ಸಾಲಾದಾಗ ಸ್ಕಾಟ್ಲೆಂಡಿನ ಬಾವುಟದಲ್ಲಿರುವ ಸಂತ ಆ್ಯಂಡ್ರೂನ ಶಿಲುಬೆ ಮೂಡುತ್ತದೆ. ಪುಟದಲ್ಲಿ ‘8×32’ ಎಂದಿತ್ತು. ಅಂದರೆ ಮೂವತ್ತೆರಡು ಆವರ್ತಗಳ ಧಾಟಿಯನ್ನು ಎಂಟು ಸಲ ನುಡಿಸಬೇಕು, ನಾಲ್ಕು ಜೋಡಿಗಳಿಗೂ ತಲಾ ಎರಡು ಸಲ ಮುಂದಾಳಾಗುವ ಅವಕಾಶ ಸಿಗಬೇಕು. ರೀಲ್‌ಗೆ ಸುಮಾರು ನಾಲ್ಕೂವರೆ ನಿಮಿಷ ಹಿಡಿಯುತ್ತದೆ, ಸ್ಟ್ರಾತ್‌ಸ್ಪೇ ಆದರೆ ಎಂಟು ನಿಮಿಷವನ್ನೂ ಮೀರುತ್ತದೆ. ಎಂಟು ಸಲವೂ ಒಂದೇ ಧಾಟಿಯಾದರೆ ಬೇಸರವೆಂದು ಮೊದಲ ಮತ್ತು ಕೊನೆಯ ಸುತ್ತಿಗೆ ಆ ಕುಣಿತದ ಮೂಲ ಧಾಟಿಯನ್ನಿಟ್ಟು, ನಡುವೆ ಹೊಂದುವ ಬೇರೆ ಧಾಟಿಗಳನ್ನು ಪೋಣಿಸುವ ಪದ್ಧತಿಯಿದೆ. ಆ ಧಾಟಿಗಳನ್ನು ಆರಿಸಲು ನನಗೆ ಮೂರು ವಾರ ಬೇಕಾಯಿತು. ಎರಡು ತಾಣಗಳನ್ನೂ ಅಕ್ಕಪಕ್ಕ ತೆರೆದಿಟ್ಟುಕೊಂಡು ಮಾಡಿದ ಆ ಕೆಲಸದಷ್ಟು ನನಗೆ ಕಲಿಸಿದ್ದು ಬೇರೊಂದಿಲ್ಲ.

ಕುಣಿತದ ವಿವರಗಳ ಸಂಕ್ಷಿಪ್ತ ಬರಹಗಳನ್ನು ಇಲ್ಲಿ ‘ಕ್ರಿಬ್’ ಎನ್ನುತ್ತಾರೆ. ಒಂದನೆಯ ಜೋಡಿ ಸೆಟ್ ಮಾಡಿ (ಎಂದರೆ ಎದುರುಬದುರು ನಿಂತಲ್ಲೇ ಹೆಜ್ಜೆ ಹಾಕಿ), ಹೊರಗಿನಿಂದ ಎರಡು ಸ್ಥಾನ ಕೆಳಗಿಳಿದು, ನಡುವೆ ಮೇಲೆ ಬಂದು ಮೂಲೆಗೆ ಮುಖ ಮಾಡುವ ಎಂಟು ಆವರ್ತಗಳ ಚಲನೆಯನ್ನು ಒಂದೇ ಸಾಲಿನಲ್ಲಿ ಬರೆದಿರುತ್ತಾರೆ. ಗೊತ್ತಿದ್ದದ್ದನ್ನು ನೆನಪಿಸಿಕೊಳ್ಳಲು ಅವು ಚೆನ್ನ. ಗೊತ್ತಿಲ್ಲದ್ದನ್ನು ಅವುಗಳಿಂದಲೇ ಕಲಿಯಲು ಹೊರಟರೆ ಎದುರಿನವರ ಕಾಲು ತುಳಿಯುವುದು ಖಂಡಿತ. ಗ್ಲಾಸ್ಗೋದಲ್ಲಿ 1923ರಲ್ಲಿ ಸ್ಥಾಪನೆಯಾದ ರಾಯಲ್ ಸ್ಕಾಟಿಷ್ ಕಂಟ್ರಿ ಡ್ಯಾನ್ಸ್ ಸೊಸೈಟಿಯ ಶಾಖೆಗಳು ಅನೇಕ ದೇಶಗಳಲ್ಲಿವೆ. ಹತ್ತಿರದಲ್ಲಿ ಒಂದಿದ್ದರೆ ಮೊದಲು ಅಲ್ಲಿಗೆ ಹೋಗಬೇಕು, ಕ್ರಿಬ್ ಆಮೇಲೆ.

ಹಳೆಯ ಅಚ್ಚುಪುಸ್ತಕಗಳ ಬಗ್ಗೆ ಆಸಕ್ತಿಯಿರುವವರಿಗೆ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು ಗ್ಲೆನ್ ಸಂಗ್ರಹವನ್ನು ಪುಟಪುಟವಾಗಿ ಅಂತರ್ಜಾಲದಲ್ಲಿ ಇಟ್ಟಿದೆ. ಐರಿಷ್ ಧಾಟಿಗಳಿಗೆ ಷಿಕಾಗೋದ ಪೊಲೀಸ್ ಮುಖ್ಯಸ್ಥರಾಗಿದ್ದ ಫ್ರಾನ್ಸಿಸ್ ಓನೀಲ್ 1903ರಲ್ಲಿ ಪ್ರಕಟಿಸಿದ 1,850 ಧಾಟಿಗಳ ಸಂಕಲನವೂ ಸುಲಭವಾಗಿ ಸಿಗುತ್ತದೆ. ನಾನು ಇವನ್ನು ಅಪರೂಪಕ್ಕೆ ನೋಡುತ್ತೇನೆ.

ಹಣ ಕೊಟ್ಟು ಬಳಸಿದ ತಾಣ ಒಂದೇ ಒಂದು. ತಿಂಗಳ ಚಂದಾ ಕಟ್ಟಿ ಫಿಡಲ್ ಪಾಠದ ವಿಡಿಯೊಗಳನ್ನು ನೋಡುವ ವ್ಯವಸ್ಥೆಯದು. ಅದರ ಹೆಸರು ಇಲ್ಲಿ ಬೇಡ. ಪಾಠಗಳು ನಿಜಕ್ಕೂ ಚೆನ್ನಾಗಿದ್ದವು, ಶ್ರುತಿ ಕೆಡದಂತೆ ವೇಗ ತಗ್ಗಿಸಿ ಕೇಳುವ ಅನುಕೂಲವೂ ಇತ್ತು. ಮೂರನೆಯ ವರ್ಷ ಅದು ಒಂದು ತಿಂಗಳ ಸೂಚನೆ ಕೊಟ್ಟು ಮುಚ್ಚಿಹೋಯಿತು, ನಾನು ಗುರುತು ಹಾಕಿಟ್ಟುಕೊಂಡಿದ್ದ ಪಾಠಗಳೆಲ್ಲ ಅದರೊಡನೆ ಹೋದವು. ‘ದಿ ಸೆಷನ್’ ತನ್ನ ಇಡೀ ದತ್ತಾಂಶವನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಿಟ್ಟಿರುವುದರ ಬೆಲೆ ನನಗೆ ಅರ್ಥವಾದದ್ದು ಆಗಲೇ. ಚಂದಾಕ್ಕೆಂದು ಎತ್ತಿಡುತ್ತಿದ್ದ ಹಣವನ್ನು ಈಗ ಉಚಿತ ತಾಣಗಳಿಗೆ ದೇಣಿಗೆಯಾಗಿ ಕೊಡುತ್ತಿದ್ದೇನೆ, ಉಳಿದದ್ದರಲ್ಲಿ ತಿಂಗಳಿಗೊಮ್ಮೆ ಊರಿನ ಹಿರಿಯ ವಾದಕರೊಬ್ಬರ ಮನೆಗೆ ಹೋಗಿ ಎದುರು ಕುಳಿತು ಕಲಿಯುತ್ತೇನೆ. ಹೋಗುವ ಮುನ್ನ ಧಾಟಿಯನ್ನು ಎಬಿಸಿಯಿಂದ ಅಚ್ಚು ಹಾಕಿಕೊಳ್ಳುತ್ತೇನೆ. ಮನೆಗೆ ಬರುವಷ್ಟರಲ್ಲಿ ಆ ಹಾಳೆಯ ತುಂಬ, ಬಿಲ್ಲು ಎತ್ತ ಹೋಗಬೇಕೆಂದು ಅವರು ಪೆನ್ಸಿಲಿನಲ್ಲಿ ಹಾಕಿದ ಗುರುತುಗಳಿರುತ್ತವೆ.