ಸೆಮಿಸ್ಟರಿನ ಮೊದಲ ವಾರದಲ್ಲೇ ಕೈಗೆತ್ತಿಕೊಳ್ಳಬೇಕಾದ ತಂತ್ರಾಂಶ: ಆಂಕಿ

ಸೆಮಿಸ್ಟರಿನ ಮೊದಲ ವಾರದಲ್ಲಿ ಓದುವುದಕ್ಕೆ ಇನ್ನೂ ಏನೂ ಇಲ್ಲವೆಂದು ವಿದ್ಯಾರ್ಥಿಗಳಿಗೆ ಅನ್ನಿಸುವುದು ಸಹಜ. ಜೀವಶಾಸ್ತ್ರ ಬೋಧಿಸುವ ನಾನು ಕಂಡಂತೆ, ಪರೀಕ್ಷೆಗೆ ಮುಂಚಿನ ದಿನಗಳ ಸಂಕಟ ಹುಟ್ಟಿಕೊಳ್ಳುವುದೇ ಆ ವಾರದಲ್ಲಿ. ಆದ್ದರಿಂದ ಹೊಸ ತಂಡ ಬಂದೊಡನೆ ನಾನು ಶಿಫಾರಸು ಮಾಡುವ ಮೊದಲ ಸಾಧನ, ಪ್ರಶ್ನೋತ್ತರದ ಕಾರ್ಡುಗಳನ್ನು ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಕೇಳುವ ಆಂಕಿ ಎಂಬ ತಂತ್ರಾಂಶ. ಈ ಹೆಸರಿಗೂ ನಮ್ಮ ಅಂಕಿಗೂ ಸಂಬಂಧವಿಲ್ಲ. ಜಪಾನಿ ಭಾಷೆಯಲ್ಲಿ ಇದರ ಅರ್ಥ ಕಂಠಪಾಠ. ಡೇಮಿಯನ್ ಎಲ್ಮ್ಸ್ ಅವರು 2006ರಲ್ಲಿ ಬಿಡುಗಡೆ ಮಾಡಿದ ಇದು ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್ ಫೋನಿನಲ್ಲೂ ಉಚಿತವಾಗಿ ಸಿಗುತ್ತದೆ. ಐಫೋನಿನ ಆ್ಯಪ್‌ಗೆ ಮಾತ್ರ ಹಣ ಕೊಡಬೇಕು.

ಕೆಲಸ ಸರಳವಾದದ್ದು. ಕಾರ್ಡಿನ ಮುಂಬದಿಯಲ್ಲಿ ಪ್ರಶ್ನೆ, ಹಿಂಬದಿಯಲ್ಲಿ ಉತ್ತರ. ಉತ್ತರವನ್ನು ಮನಸ್ಸಿನಲ್ಲಿ ಹೇಳಿಕೊಂಡು, ಕಾರ್ಡು ತಿರುಗಿಸಿ, ಎಷ್ಟು ಸುಲಭವಾಗಿ ನೆನಪಾಯಿತೆಂಬುದನ್ನು ನಾಲ್ಕು ಗುಂಡಿಗಳಲ್ಲೊಂದನ್ನು ಒತ್ತಿ ತಿಳಿಸಬೇಕು. ಹೊಸ ಕಾರ್ಡನ್ನು ಕೆಲವು ನಿಮಿಷಗಳ ಅಂತರದಲ್ಲಿ ಎರಡು ಸಲ ಸರಿಯಾಗಿ ಹೇಳಿದರೆ ಅದು ಮರುದಿನ ಬರುತ್ತದೆ. ಅಲ್ಲಿಂದ ಮುಂದೆ, ಮೂಲ ಲೆಕ್ಕಾಚಾರದ ಪ್ರಕಾರ, ಪ್ರತಿ ಸಲವೂ ಅಂತರ ಸುಮಾರು ಎರಡೂವರೆ ಪಟ್ಟು ಹಿಗ್ಗುತ್ತ ಹೋಗುತ್ತದೆ. ಮರೆತರೆ ಅಂತರ ಮತ್ತೆ ಕುಗ್ಗುತ್ತದೆ. 2023ರಿಂದ ಎಫ್‌ಎಸ್‌ಆರ್‌ಎಸ್ ಎಂಬ ಹೊಸ ಲೆಕ್ಕಾಚಾರವೂ ಇದರಲ್ಲಿ ಸೇರಿದ್ದು, ಅದು ಪ್ರತಿಯೊಬ್ಬರ ಮರೆವಿನ ಗತಿಗೆ ತಕ್ಕಂತೆ ದಿನಗಳನ್ನು ಹೊಂದಿಸುತ್ತದೆ.

ಎರಡು ಸಲ ಓದಿದರೆ ಸಾಲದೇ ಎಂದು ಪ್ರತಿ ವರ್ಷವೂ ಯಾರಾದರೂ ಕೇಳುತ್ತಾರೆ. ಅವರಿಗೆ ನಾನು ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ವಿವರಿಸುತ್ತೇನೆ. ಐದು ನಿಮಿಷಗಳ ನಂತರ ಕೇಳಿದಾಗ, ಪಾಠವನ್ನು ಎರಡು ಸಲ ಓದಿದವರು ಶೇಕಡಾ 81ರಷ್ಟನ್ನೂ, ಒಮ್ಮೆ ಓದಿ ಒಮ್ಮೆ ತಾವೇ ನೆನಪಿಸಿಕೊಂಡು ಬರೆದವರು ಶೇಕಡಾ 75ರಷ್ಟನ್ನೂ ಹೇಳಿದರು. ಒಂದು ವಾರದ ನಂತರ ಲೆಕ್ಕ ತಿರುಗುಮುರುಗಾಯಿತು: ಓದಿದವರಲ್ಲಿ ಉಳಿದದ್ದು 42, ನೆನಪಿಸಿಕೊಂಡವರಲ್ಲಿ 56. ಪುಸ್ತಕ ಮುಚ್ಚಿದ ಕೂಡಲೇ ಎಲ್ಲವೂ ಬರುತ್ತದೆಂಬ ಭರವಸೆ ವಿದ್ಯಾರ್ಥಿಗಳನ್ನು ಹೇಗೆ ದಾರಿ ತಪ್ಪಿಸುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕಾರ್ಡು ಬರೆಯುವುದರಲ್ಲೇ ಅರ್ಧ ಕಲಿಕೆ ಇದೆ. ಒಬ್ಬ ವಿದ್ಯಾರ್ಥಿನಿ ತನ್ನ ಮೊದಲ ಕಾರ್ಡಿನಲ್ಲಿ "ಹೃದಯದ ರಚನೆಯನ್ನು ವಿವರಿಸಿ" ಎಂದು ಬರೆದು, ಹಿಂಬದಿಯಲ್ಲಿ ಹದಿನಾಲ್ಕು ಸಾಲು ತುಂಬಿದ್ದಳು. ಅದರಲ್ಲಿ ಹತ್ತು ಸಾಲು ನೆನಪಾಗಿ ನಾಲ್ಕು ಮರೆತರೆ ಯಾವ ಗುಂಡಿ ಒತ್ತಬೇಕು? ನಾವಿಬ್ಬರೂ ಕುಳಿತು ಅದನ್ನು ಒಡೆದೆವು: ಬಲ ಹೃತ್ಕರ್ಣ ಮತ್ತು ಬಲ ಹೃತ್ಕುಕ್ಷಿಗಳ ನಡುವಿನ ಕವಾಟಕ್ಕೆ ಎಷ್ಟು ದಳ? ಮೂರು. ಎಡಭಾಗದ ಕವಾಟಕ್ಕೆ? ಎರಡು. ಎಡ ಹೃತ್ಕುಕ್ಷಿಯ ಗೋಡೆ ಹೆಚ್ಚು ದಪ್ಪವೇಕೆ? ಅದು ರಕ್ತವನ್ನು ಇಡೀ ದೇಹಕ್ಕೆ ತಳ್ಳಬೇಕು. ಬೇರೆಯವರು ತಯಾರಿಸಿದ ಕಾರ್ಡುಗಳ ಕಟ್ಟುಗಳು ಬೇಕಾದಷ್ಟು ಸಿಗುತ್ತವೆಯಾದರೂ, ಹೀಗೆ ಒಡೆಯುವ ಶ್ರಮವನ್ನು ಬೇರೆಯವರು ಮಾಡಿಟ್ಟಿರುವುದರಿಂದಲೇ ಅವು ಹೊಸಬರ ತಲೆಯಲ್ಲಿ ನಿಲ್ಲುವುದು ಕಷ್ಟ.

ದಿನಕ್ಕೆ 20 ಹೊಸ ಕಾರ್ಡುಗಳು ಎಂಬ ಮಿತಿ ತಂತ್ರಾಂಶದಲ್ಲಿ ಮೊದಲೇ ಇರುತ್ತದೆ. ಇದು ಹೊಸಬರಿಗೆ ಹೆಚ್ಚಾಯಿತೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಕೆಲವೇ ವಾರಗಳಲ್ಲಿ ಮರಳಿ ಬರುವ ಹಳೆಯ ಕಾರ್ಡುಗಳು ಹೊಸದರ ಹಲವು ಪಟ್ಟಾಗಿರುತ್ತವೆ. ಹತ್ತಕ್ಕೆ ಇಳಿಸಿ, ವಾರಕ್ಕೆ ಆರು ದಿನದಂತೆ ಹದಿನೈದು ವಾರ ನಡೆಸಿದರೂ 900 ಕಾರ್ಡುಗಳಾಗುತ್ತವೆ. ಅಷ್ಟನ್ನೇ ಕೊನೆಯ ಮೂರು ವಾರಗಳಲ್ಲಿ ಆರಂಭಿಸುವವನಿಗೆ ದಿನಕ್ಕೆ ಐವತ್ತು ಹೊಸ ಕಾರ್ಡು, ಅದೂ ಅಂತರ ಹಿಗ್ಗುವುದಕ್ಕೆ ದಿನಗಳೇ ಇಲ್ಲದಿರುವಾಗ.

ಕೊರತೆಗಳಿಲ್ಲವೆಂದಲ್ಲ. ಸೆಟ್ಟಿಂಗ್ಸ್ ಪುಟ ಹೊಸಬರನ್ನು ಹೆದರಿಸುವಂತಿದೆ; ಹೊಸ ಕಾರ್ಡುಗಳ ಮಿತಿಯೊಂದನ್ನು ಬಿಟ್ಟು ಮೊದಲ ತಿಂಗಳು ಬೇರೇನನ್ನೂ ಮುಟ್ಟದಿರುವುದು ಒಳ್ಳೆಯದು. ನಾಲ್ಕು ದಿನ ತೆರೆಯದಿದ್ದರೆ ಬಾಕಿ ರಾಶಿ ಬೀಳುತ್ತದೆ, ಆಗಲೇ ಹೆಚ್ಚಿನವರು ಕೈಬಿಡುತ್ತಾರೆ. ಗಣಿತದ ಪ್ರಮೇಯಗಳನ್ನು ಸಾಧಿಸುವುದಕ್ಕೂ ಪ್ರಬಂಧ ಬರೆಯುವ ಅಭ್ಯಾಸಕ್ಕೂ ಇದು ಬದಲಿಯಲ್ಲ.

ಹೀಗಿದ್ದರೂ ಶಿಕ್ಷಕನಾಗಿ ನನಗೆ ಅತ್ಯಂತ ಉಪಯೋಗಕ್ಕೆ ಬಂದಿರುವುದು ಇದರ ಒಂದು ಸಣ್ಣ ಸೌಲಭ್ಯ. ಕಲಿತಾಯಿತೆಂದುಕೊಂಡ ಕಾರ್ಡು ಎಂಟು ಸಲ ಮರೆತುಹೋದರೆ, ತಂತ್ರಾಂಶ ಅದಕ್ಕೆ ಲೀಚ್, ಅಂದರೆ ಜಿಗಣೆ, ಎಂಬ ಗುರುತು ಹಚ್ಚುತ್ತದೆ. ಆ ಗುರುತಿನ ಕಾರ್ಡುಗಳನ್ನು ತರಗತಿಗೆ ತರಲು ಹೇಳುತ್ತೇನೆ. ಒಂದೇ ಕಾರ್ಡು ಐದಾರು ಮಂದಿಯಲ್ಲಿ ಕಂಡುಬಂದರೆ, ಮರುದಿನ ಆ ಪಾಠವನ್ನು ನಾನು ಮೊದಲಿನಿಂದ ಮಾಡುತ್ತೇನೆ.