25, 28, 32: ಕೊಡಗಿನ ರಸ್ತೆಗೆ ನನ್ನ ಓಟು 28ಕ್ಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ರೋಡ್ ಬೈಕಿನಲ್ಲಿ (ಡಾಂಬರು ರಸ್ತೆಯ ಸೈಕಲ್) ಈಗ ಇರುವುದು 28 ಎಂಎಂ ಅಗಲದ ಟೈರ್, ಮುಂದೆ ತಗೊಳ್ಳುವುದೂ ಅದನ್ನೇ. ಸೈಕಲ್ ಜೊತೆ ಬಂದಿದ್ದು 25. ಅದು ಸವೆದ ಮೇಲೆ 32 ಹಾಕಿಸಿದೆ, ಒಂದು ಮಳೆಗಾಲ ಕಳೆದು ಅದನ್ನು ಸ್ನೇಹಿತನಿಗೆ ಕೊಟ್ಟೆ. ಮೂರೂ ಓಡಿದ್ದು ಇದೇ ರಸ್ತೆಗಳಲ್ಲಿ: ಮಡಿಕೇರಿಯಿಂದ ಸುಂಟಿಕೊಪ್ಪ, ಕುಶಾಲನಗರ, ಇಲ್ಲಾ ಮೂರ್ನಾಡು ದಾಟಿ ವಿರಾಜಪೇಟೆ. ನನ್ನದು ರಿಮ್ ಬ್ರೇಕ್, ಅಂದರೆ ಟೈರಿನ ಮೇಲೆ ಕಮಾನಿನಂತೆ ಕೂತು, ಎರಡು ಪ್ಯಾಡುಗಳಿಂದ ಚಕ್ರದ ಅಂಚನ್ನೇ (ರಿಮ್) ಹಿಡಿಯುವಂಥದ್ದು. ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕ್ ಇದ್ದವರಿಗೆ ಕೆಳಗಿನ ಅರ್ಧ ಗೋಳು ಇಲ್ಲವೇ ಇಲ್ಲ.

ಕುಶಾಲನಗರಕ್ಕೆ ಇಳಿಯುವ ಹೆದ್ದಾರಿ ನುಣ್ಣಗಿರುವ ಕಡೆ 25 ಚೆನ್ನಾಗಿಯೇ ಓಡುತ್ತದೆ. ಆದರೆ ನನ್ನ 72 ಕೆಜಿಗೆ 95 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಬೇಕು. ಕಡಿಮೆ ಮಾಡಿದರೆ ಗುಂಡಿಯ ಅಂಚಿಗೆ ಹೊಡೆದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಅಕ್ಕಪಕ್ಕ ಎರಡು ತೂತು. ಕಡಿಮೆ ಮಾಡದಿದ್ದರೆ ತೇಪೆ ಹಾಕಿದ ರಸ್ತೆಯಲ್ಲಿ ಕೈ ಜೋಮು ಹಿಡಿಯುತ್ತದೆ. ಸಣ್ಣ ಟೈರೇ ಜೋರು ಅನ್ನುವ ಮಾತು ಹಳೆಯದಾಯಿತು. ಒಂದೇ ಗಾಳಿ ಒತ್ತಡದಲ್ಲಿ ಅಗಲದ ಟೈರ್ ನೆಲಕ್ಕೆ ಕಡಿಮೆ ಉದ್ದ ಒತ್ತಿಕೊಳ್ಳುತ್ತದೆ, ಹಾಗಾಗಿ ಕಡಿಮೆ ಬಾಗಿ ಸಲೀಸಾಗಿ ಉರುಳುತ್ತದೆ. ಒಂದು ಕಾಲಕ್ಕೆ 23ರಲ್ಲಿ ಓಡುತ್ತಿದ್ದ ರೇಸಿನವರೂ ಈಗ 28ಕ್ಕೆ ಬಂದಿದ್ದಾರೆ.

32ರಲ್ಲಿ ಕೂತರೆ ಸುಖ, ಸುಳ್ಳು ಹೇಳುವುದಿಲ್ಲ. 60 ಪಿಎಸ್‌ಐ ಇಟ್ಟರೆ ತೋಟದ ಮಣ್ಣುದಾರಿಯಲ್ಲೂ ಹೋಗಬಹುದು. ಏರಿನಲ್ಲಿ ತೂಕ ಸ್ವಲ್ಪ ಗೊತ್ತಾಗುತ್ತದೆ, ಅಷ್ಟೇ.

ಗೋಳು ಬ್ರೇಕಿನದು. ಅಂಗಡಿಯವರು ಚಕ್ರ ತಿರುಗಿಸಿ ತೋರಿಸಿ, "ಆಯ್ತು ಸಾರ್, ಕರೆಕ್ಟಾಗಿ ಕೂತಿದೆ" ಅಂದರು. ಟೈರಿನ ನೆತ್ತಿಗೂ ಬ್ರೇಕಿನ ಕಮಾನಿಗೂ ಮಧ್ಯೆ ಎಟಿಎಂ ಕಾರ್ಡ್ ಒಂದು ತೂರುತ್ತಿತ್ತು, ಎರಡು ತೂರುತ್ತಿರಲಿಲ್ಲ. ಬೇಸಿಗೆಯಲ್ಲಿ ತೊಂದರೆ ಇರಲಿಲ್ಲ. ಜೂನ್ ಬಂತು ನೋಡಿ. ತೋಟದ ಗೇಟುಗಳ ಮುಂದೆ ಜೀಪು, ಟ್ರ್ಯಾಕ್ಟರು ರಸ್ತೆಗೆ ತಂದು ಹಾಕುವ ಕೆಂಪು ಮಣ್ಣು, ಅದರ ಮೇಲೆ ಉದುರಿದ ಸಿಲ್ವರ್ ಓಕ್ ಎಲೆ, ಎರಡೂ ಟೈರಿಗೆ ಅಂಟಿ ಮೇಲೆ ಹೋಗಿ ಬ್ರೇಕಿನಡಿ ಮೆತ್ತಿಕೊಳ್ಳುತ್ತವೆ. ಮೊದಲು ಸರಸರ ಸದ್ದು. ಆಮೇಲೆ ಒಂದು ಸಣ್ಣ ಕಲ್ಲು ಸಿಕ್ಕಿ ಕರ್ರ್ ಅನ್ನುತ್ತದೆ. ಇಳಿದು, ಕಡ್ಡಿಯಲ್ಲಿ ಕೆರೆದು, ಮತ್ತೆ ಹತ್ತಿ ಸ್ವಲ್ಪ ದೂರ ಹೋದರೆ ಮತ್ತೆ ಅದೇ. ಬ್ರೇಕಿನ ಒಳಗಡೆ ಕಪ್ಪು ಬಣ್ಣ ಹೋಗಿ ಅಲ್ಯೂಮಿನಿಯಂ ಹೊಳೆಯುತ್ತಿದೆ, ಈಗಲೂ.

ಪಂಕ್ಚರ್ ಆದರಂತೂ ಕೇಳಬೇಡಿ. ಪ್ಯಾಡುಗಳನ್ನು ಅಗಲಿಸುವ, ಬ್ರೇಕಿನ ಸಣ್ಣ ಲಿವರ್ ಎತ್ತಿದರೂ ಗಾಳಿ ತುಂಬಿದ 32 ಎರಡು ಪ್ಯಾಡುಗಳ ಮಧ್ಯೆ ನುಗ್ಗುವುದಿಲ್ಲ. ಗಾಳಿಯಿಲ್ಲದೆ ಚಕ್ರ ಕೂರಿಸಿ, ಆಮೇಲೆ ಪಂಪ್ ಹೊಡೆಯಬೇಕು. ಟೈರ್ ಸುತ್ತಲೂ ಸರಿಯಾಗಿ ಕೂತಿದೆಯಾ, ಟ್ಯೂಬ್ ಎಲ್ಲಾದರೂ ಅಂಚಿಗೆ ಸಿಕ್ಕಿದೆಯಾ ಅಂತ ನೋಡಲು ಚಕ್ರ ಕೈಯಲ್ಲಿರಬೇಕು ಅಲ್ವಾ? ಮೂರ್ನಾಡು ರಸ್ತೆಯ ಪಕ್ಕ, ಮಳೆಯಲ್ಲಿ, ಜಿಗಣೆ ಸಾಕ್ಸಿನ ಮೇಲೆ ಹತ್ತುತ್ತಿರುವಾಗ ಈ ಕೆಲಸ ಮಾಡಿ ನೋಡಿ.

28ಕ್ಕೆ ನಾನು ಇಡುವುದು ಹಿಂದೆ 78, ಮುಂದೆ 72 ಪಿಎಸ್‌ಐ. ಕೈ ಜೋಮು ಹಿಡಿಯುವುದಿಲ್ಲ, ಲಿವರ್ ಎತ್ತಿದರೆ ಚಕ್ರ ಗಾಳಿ ಸಮೇತ ಆಚೆ ಬರುತ್ತದೆ. 25ಕ್ಕೆ ಅಂತ ತಂದಿಟ್ಟಿದ್ದ ಟ್ಯೂಬುಗಳ ಮೇಲೆ 25–32 ಅಂತ ಇತ್ತು, ಅವೇ ಇದಕ್ಕೂ ಆಯಿತು, ದುಡ್ಡು ಉಳಿಯಿತು. ಒಂದೇ ಎಚ್ಚರಿಕೆ: ಟೈರಿನ ಮೇಲಿನ ಅಂಕಿಯನ್ನು ಸುಮ್ನೆ ನಂಬಬೇಡಿ. ರಿಮ್ ಒಳಗಿನ ಅಗಲ ಜಾಸ್ತಿ ಇದ್ದಷ್ಟೂ ಟೈರ್ ಹರಡಿಕೊಳ್ಳುತ್ತದೆ, 28 ಅಂತ ಬರೆದಿದ್ದು 30ರ ಹತ್ತಿರ ಬರಬಹುದು. ಗಾಳಿ ತುಂಬಿದ ಮೇಲೆ 4 ಎಂಎಂ ಅಲೆನ್ ಕೀ (ಆರು ಮೂಲೆಯ ಬೋಲ್ಟ್ ಬಿಚ್ಚುವ ಕಡ್ಡಿ) ಟೈರಿಗೂ ಫ್ರೇಮಿಗೂ ಮಧ್ಯೆ, ಬ್ರೇಕಿನಡಿ, ಎಲ್ಲಾ ಕಡೆ ಸಲೀಸಾಗಿ ಓಡಾಡಬೇಕು. ಇಲ್ಲದಿದ್ದರೆ ಅಂಗಡಿಯಲ್ಲೇ ಬಿಚ್ಚಿಸಿ.

ಒದ್ದೆ ರಸ್ತೆಯ ಹಿಡಿತ? ಮೂರರಲ್ಲೂ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಪಾಚಿ ಕಟ್ಟಿದ ಅಂಚಿನಲ್ಲಿ ಮೂರೂ ಜಾರುತ್ತವೆ.

ಮಡಚುವ ಟೈರಿಗೆ ದುಡ್ಡು ಜಾಸ್ತಿ, ನನಗೆ ಅಂಚಿನಲ್ಲಿ ಉಕ್ಕಿನ ತಂತಿ ಇರುವ, ಮಡಚಲಾಗದ್ದೇ ಸಾಕು. ಹಿಂದಿನದು ಬೇಗ ಸವೆಯುತ್ತದೆ, ಅದಕ್ಕೆ ಒಂದೇ ಹೊಸ ಟೈರ್ ತರಿಸಿ ಮುಂದಕ್ಕೆ ಹಾಕುತ್ತೇನೆ, ಮುಂದಿನದು ಹಿಂದಕ್ಕೆ ಹೋಗುತ್ತದೆ.