ಬೆನಾಲಿಮ್‌ನ ಬಾಡಿಗೆ ಮನೆ: ಒಂಬತ್ತು ಜನ, ನಾಲ್ಕು ರಾತ್ರಿ

ಗೋವಾದ ವಾಸ್ಕೋದಲ್ಲಿ ನಮ್ಮದು ಒಂದೇ ಬೆಡ್‌ರೂಮಿನ ಮನೆ. ನವೆಂಬರ್‌ನಲ್ಲಿ ಗದಗದಿಂದ ತವರಿನವರು ಏಳು ಜನ ಬರುತ್ತೇವೆ ಅಂದಾಗ ಖುಷಿ ಎಷ್ಟಾಯಿತೋ ಚಿಂತೆಯೂ ಅಷ್ಟೇ ಆಯಿತು. ಅಪ್ಪ, ಅವ್ವ, ಸೋದರತ್ತೆ, ಅಕ್ಕ, ಭಾವ, ಎರಡು ಮಕ್ಕಳು. ಹೋಟೆಲಿನಲ್ಲಿ ರೂಮು ಮಾಡಿದರೆ ಒಬ್ಬರು ಒಂದು ಮಹಡಿ, ಇನ್ನೊಬ್ಬರು ಇನ್ನೊಂದು ಮಹಡಿ. ಊಟಕ್ಕೆ ದಿನಾ ಹೊರಗೆ. ಅವ್ವನಿಗೂ ಅತ್ತೆಗೂ ಮೀನಿನ ವಾಸನೆಯೇ ಆಗುವುದಿಲ್ಲ. ಅದಕ್ಕೇ ಬೆನಾಲಿಮ್‌ನಲ್ಲಿ ಮೂರು ಬೆಡ್‌ರೂಮಿನ ಒಂದು ಹಳೇ ಮನೆಯನ್ನು ದಿನಕ್ಕೆ 6500 ರೂಪಾಯಿಗೆ ಹಿಡಿದೆವು.

ಈ ಮನೆಯ ದೊಡ್ಡ ಗುಣ ಅಡುಗೆಮನೆ. ಎರಡು ಒಲೆಯ ಗ್ಯಾಸು, ಐದು ಲೀಟರಿನ ಕುಕ್ಕರು, ಫ್ರಿಜ್ಜು, ಸಾಕಷ್ಟು ತಟ್ಟೆ ಲೋಟ. ಮಿಕ್ಸಿ ಇಲ್ಲ. ಎಲ್ಲಾ ನೆಲಮಹಡಿಯಲ್ಲೇ ಇದೆ, ಮೆಟ್ಟಿಲು ಹತ್ತುವ ಕೆಲಸವಿಲ್ಲ. ಮುಂದೆ ಉದ್ದನೆಯ ಜಗಲಿ, ಕೂರಲು ಕಲ್ಲಿನ ಕಟ್ಟೆ. ಅಪ್ಪ ಊಟ ನಿದ್ದೆ ಬಿಟ್ಟರೆ ಅಲ್ಲೇ ಇರುತ್ತಿದ್ದರು.

ಬೆಳಿಗ್ಗೆ ಆರೂವರೆಗೆ ಬೀದಿಯಲ್ಲಿ ಪೋಂ ಪೋಂ ಅಂತ ಹಾರ್ನು. ಬ್ರೆಡ್ಡು ಮಾರುವ ಪೊದೇರ್ ಸೈಕಲ್ ಮೇಲೆ ಬರುತ್ತಾನೆ. ಅವನ ಬುಟ್ಟಿಯಲ್ಲಿ ಪೊಯ್ ಇರುತ್ತದೆ. ಹೊಟ್ಟು ಉದುರಿಸಿದ, ಒಳಗೆ ಟೊಳ್ಳಾದ, ಕೈಗೆ ಬಿಸಿ ತಾಗುವ ಬ್ರೆಡ್ಡು. ಅವ್ವ ಅದನ್ನು ಬಿಡಿಸಿ, ಗದಗದಿಂದ ತಂದ ಶೇಂಗಾ ಚಟ್ನಿಪುಡಿಗೆ ಮೊಸರು ಕಲಸಿ ಒಳಗೆ ತುಂಬಿ ಮಕ್ಕಳಿಗೆ ಕೊಟ್ಟಳು. ಎರಡನೇ ದಿನದಿಂದ ಪೊದೇರ್ ನಮ್ಮ ಗೇಟಿನ ಮುಂದೆ ತಾನೇ ನಿಲ್ಲುತ್ತಿದ್ದ.

ಈಗ ಬೇಸರದ ಮಾತು. ಬುಕ್ ಮಾಡುವಾಗ ಸಮುದ್ರ ಐದು ನಿಮಿಷ ಅಂದಿದ್ದರು. ಅದು ಸ್ಕೂಟರಿನಲ್ಲಿ! ನಡೆದರೆ ಇಪ್ಪತ್ತು ನಿಮಿಷ ಬೇಕು. ಅವ್ವನಿಗೆ ಮಂಡಿನೋವು ಅಂತ ಮೊದಲೇ ಫೋನಿನಲ್ಲಿ ಹೇಳಿದ್ದೆ, ಆದರೂ ನಿಜ ಹೇಳಲಿಲ್ಲ, ನನಗೆ ತುಂಬಾ ಸಿಟ್ಟು ಬಂತು. ದಿನಾ ಹೋಗಿ ಬರಲು ಆಟೋಗೇ ದುಡ್ಡು ಸುರಿದೆವು. ಮೊದಲ ರಾತ್ರಿ ಒಂದು ಗೀಜರೂ ಕೆಟ್ಟಿತ್ತು. ಮರುದಿನ ಹತ್ತು ಗಂಟೆಗೆ ಹುಡುಗನನ್ನು ಕಳಿಸಿ ಸರಿ ಮಾಡಿಸಿದರು, ಅಷ್ಟರಲ್ಲಿ ಒಲೆ ಮೇಲೆ ನೀರು ಕಾಯಿಸಿ ಎಲ್ಲರ ಸ್ನಾನ ಆಗಿತ್ತು.

ಆದರೆ ಬೀಚು ಚೆನ್ನಾಗಿದೆ. ಕೋಲ್ವಾ, ಬೆನಾಲಿಮ್, ವಾರ್ಕಾ ಎಲ್ಲಾ ಒಂದೇ ಉದ್ದನೆಯ ಮರಳದಂಡೆ, ಬೆಳಗ್ಗೆ ಜನ ಕಡಿಮೆ. ಒಂದು ದಿನ ಮೀನುಗಾರರು ರಂಪಣಿ ಬಲೆ ಎಳೆಯುತ್ತಿದ್ದರು. ಎರಡು ಕಡೆ ಹಗ್ಗ, ಒಂದೊಂದು ಹಗ್ಗಕ್ಕೂ ಹತ್ತಾರು ಜನ. ಅಕ್ಕನ ಮಗ ಹೋಗಿ ಹಗ್ಗ ಹಿಡಿದ, ಅವರು ನಕ್ಕು ಜಾಗ ಬಿಟ್ಟರು. ಬಲೆ ದಡಕ್ಕೆ ಬಂದಾಗ ಬೆಳ್ಳಿ ಬಣ್ಣದ ಸಣ್ಣ ಮೀನುಗಳು ಪಟಪಟ ಹಾರುತ್ತಿದ್ದವು. ಮೀನಿನ ವಾಸನೆ ಆಗದ ಅತ್ತೆ ಕೂಡ ಮೂಗಿಗೆ ಸೆರಗು ಹಿಡಿದುಕೊಂಡು ಕೊನೆಯವರೆಗೂ ನಿಂತು ನೋಡಿದರು. ನೀರಿಗೆ ಇಳಿಯುವ ಮೊದಲು ಬಾವುಟ ನೋಡಿ. ಕೆಂಪು ಬಾವುಟ ಇದ್ದರೆ ಇಳಿಯಲೇಬೇಡಿ. ಮಳೆಗಾಲದಲ್ಲಂತೂ ಸಮುದ್ರದ ಆಸೆ ಬಿಟ್ಟುಬಿಡಿ, ದಂಡೆಯ ಶ್ಯಾಕುಗಳೂ, ಅಂದರೆ ಗುಡಿಸಲಿನಂಥ ಹೋಟೆಲುಗಳೂ, ಆಗ ಇರುವುದಿಲ್ಲ.

ಗದಗ, ಹುಬ್ಬಳ್ಳಿ ಕಡೆಯವರಿಗೆ ಅಮರಾವತಿ ಎಕ್ಸ್‌ಪ್ರೆಸ್ ಅನುಕೂಲ, ಮಡಗಾಂವ್‌ನಲ್ಲಿ ಇಳಿದರೆ ಬೆನಾಲಿಮ್ ಹತ್ತಿರ. ವಿಮಾನದಲ್ಲಿ ಬರುವವರು ಟಿಕೆಟಿನಲ್ಲಿ ದಾಬೋಲಿಮ್ ಇದೆಯೋ ಮೋಪಾ ಇದೆಯೋ ನೋಡಿಕೊಳ್ಳಿ. ಮೋಪಾ ಉತ್ತರದ ತುದಿಯಲ್ಲಿದೆ, ಅಲ್ಲಿಂದ ಇಲ್ಲಿಗೆ ಟ್ಯಾಕ್ಸಿಗೆ ಜಾಸ್ತಿ ಆಗುತ್ತದೆ. ಸ್ಕೂಟರ್ ಬಾಡಿಗೆಗೆ ತಗೊಂಡರೆ ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುವುದನ್ನೇ ತಗೊಳ್ಳಿ. ಬಿಳಿ ಪ್ಲೇಟಿನದು ಕೊಟ್ಟರೆ ಬೇಡ ಅನ್ನಿ, ಪೊಲೀಸರು ಹಿಡಿಯುತ್ತಾರೆ.

ಒಂದು ದಿನ ದೊಡ್ಡ ಗಾಡಿ ಮಾಡಿಕೊಂಡು ಮಂಗೇಶಿ, ಮಾರ್ದೋಳದ ಮಹಾಲಸಾ, ಕವಳೆಯ ಶಾಂತಾದುರ್ಗಾ ದೇವಸ್ಥಾನಗಳನ್ನು ನೋಡಿ ಬಂದೆವು. ಇನ್ನೊಂದು ದಿನ ಅಪ್ಪ, ಭಾವ ಇಬ್ಬರೇ ಮಡಗಾಂವ್‌ನಿಂದ ಪಣಜಿಗೆ ಬಸ್ಸಿನಲ್ಲಿ ಹೋದರು. ಬಸ್ಸಿನ ಮೇಲೆ ಕದಂಬ ಅಂತ ಬರೆದದ್ದು ನೋಡಿ ಅಪ್ಪನಿಗೆ ಹಿಗ್ಗೋ ಹಿಗ್ಗು, ನಮ್ಮ ಕದಂಬರ ಹೆಸರು ಅಲ್ವಾ. ಉತ್ತರದ ಬಾಗಾ, ಕಲಂಗುಟ್ ಕಡೆ ಹೋಗಲೇ ಇಲ್ಲ. ವಯಸ್ಸಾದವರನ್ನು ಸುಮ್ನೆ ಗಾಡಿಯಲ್ಲಿ ಕೂರಿಸಿ ದಣಿಸುವುದು ನನಗೆ ಬೇಡವಾಗಿತ್ತು.

ಜನವರಿಯಲ್ಲಿ ಅತ್ತೆಮನೆಯವರು ಬರುತ್ತಾರೆ. ಇದೇ ಮನೆ ಕೇಳಿಟ್ಟಿದ್ದೇನೆ. ಈ ಸಲ ಹಿಂದಿನ ದಿನವೇ ಹೋಗಿ ಗೀಜರ್ ಹಾಕಿ ನೋಡುತ್ತೇನೆ, ಮಿಕ್ಸಿ ನಮ್ಮ ಮನೆಯಿಂದಲೇ ಒಯ್ಯುತ್ತೇನೆ.